ಪಂಪಿನ ಮೋಟಾರಿನೊಡನೆ ಈಥರ್ನೆಟ್ ಸಂವಾದ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಗಳ ಎರೆಯ ನೆಲವು ಜೋಳ, ಹತ್ತಿ, ಕಡಲೆಗಳಿಗೆ ಎಷ್ಟು ಉದಾರವಾದುದೋ ಕುಡಿಯುವ ನೀರಿಗೆ ಅಷ್ಟೇ ಕೃಪಣವಾದುದು. ಅನೇಕ ಗ್ರಾಮಗಳಲ್ಲಿ ಬಾವಿಯ ನೀರು ಸವಳಾಗಿರುವುದರಿಂದ ಜನರು ಬಹುಕಾಲ ಕೆರೆಯ ನೀರನ್ನೇ ನೆಚ್ಚಿಕೊಂಡು ಬಾಳಿದರು. ೨೦೨೩ನೆಯ ಇಸವಿ ಮಾರ್ಚ್ ೧೨ರಂದು ಧಾರವಾಡ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ಅಸ್ತಿಭಾರವನ್ನಿಡಲಾಯಿತು. ಅದರ ಅಂದಾಜು ವೆಚ್ಚವು ೧,೦೪೦ ಕೋಟಿ ರೂಪಾಯಿಗಳಿಗೂ ಮಿಕ್ಕುದು. ರೇಣುಕಾಸಾಗರದ ಮತ್ತು ಮಲಪ್ರಭೆಯ ನೀರನ್ನು ೧.೨೫ ಲಕ್ಷಕ್ಕೂ ಹೆಚ್ಚಿನ ಮನೆಗಳಿಗೆ ನಳಗಳ ಮೂಲಕ ಮುಟ್ಟಿಸುವುದು ಅದರ ಸಂಕಲ್ಪ.

ಹೊಳೆಯ ನೀರು ತಾನಾಗಿಯೇ ಹಳ್ಳಿಯ ಎತ್ತರದ ಟಾಕಿಯನ್ನು ಏರದು. ಪಂಪು ಏರಿಸಬೇಕು, ಪಂಪನ್ನು ಮೋಟಾರು ತಿರುಗಿಸಬೇಕು. ಈ ಬಗೆಯ ಯೋಜನೆಗಳಲ್ಲಿ ಪಂಪು ಒಂದು ಕಡೆ, ಟಾಕಿ ಇನ್ನೊಂದು ಕಡೆ, ಅವೆರಡನ್ನೂ ನೋಡಿಕೊಳ್ಳುವವನು ಮತ್ತೊಂದು ಕಡೆ ಇರುವುದು ಸಹಜ. ಆದುದರಿಂದ ಅಪ್ಪಣೆಯು ತಂತಿಯ ಮೇಲೆ ಹೋಗಬೇಕು, ಉತ್ತರವು ತಂತಿಯ ಮೇಲೆ ಬರಬೇಕು. ಆ ಮಾತು ತಪ್ಪಾಗಿ ಮುಟ್ಟಿದರೆ ಟಾಕಿ ಬರಿದಾಗುವುದು. ಇಲ್ಲವೆ ಕೊಳವೆ ಒಡೆಯುವುದು. ಇಲ್ಲವೆ ಯಂತ್ರವನ್ನು ಬಿಚ್ಚಿ ಕುಳಿತವನ ಕೈ ಹೋಗುವುದು. ತಂತಿ ಕೂಡಿದ ಮಾತ್ರಕ್ಕೆ ಮಾತು ಕೂಡಿದಂತಾಗುವುದಿಲ್ಲ. ಸ್ಥಾನ, ಕ್ರಮ, ಮಾನ, ಮೌನ ಎಂಬ ನಾಲ್ಕು ವಿಷಯಗಳಲ್ಲಿ ಎರಡು ಯಂತ್ರಗಳಿಗೂ ಒಂದೇ ಒಡಂಬಡಿಕೆಯಿರಬೇಕು. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸಂಕೇತದಿಂದ ಬಂದುದೆಂಬ ನೈಯಾಯಿಕರ ಮತವನ್ನು ಬಲ್ಲ ವಾಚಕರಿಗೆ ಈ ವಿಷಯವು ಅಪರಿಚಿತವೆನಿಸದು.

೧. ಡ್ರೈವ್ ಎಂಬ ವೇಗನಿಯಾಮಕ

ಹಿಂದಿನ ಪಂಪುಮನೆಗಳಲ್ಲಿ ಮೋಟಾರಿಗೆ ಸ್ಟಾರ್ಟರು ಮಾತ್ರ ಇರುತ್ತಿತ್ತು. ಅದು ಬಲ್ಲುದು ಎರಡೇ ಮಾತು: ಓಡು, ನಿಲ್ಲು. ನೀರು ಕಡಿಮೆ ಬೇಕಾದರೆ ಕವಾಟವನ್ನು ತಿರುಗಿಸಿ ದಾರಿಯನ್ನು ಕಿರಿದು ಮಾಡುತ್ತಿದ್ದರು. ಮೋಟಾರು ಮಾತ್ರ ಪೂರ್ಣವೇಗದಲ್ಲಿಯೇ ಓಡುತ್ತಿತ್ತು. ಡ್ರೈವ್ ಎಂಬ ಉಪಕರಣವು ಮೋಟಾರಿನ ವೇಗವನ್ನೇ ಬದಲಿಸುತ್ತದೆ. ಅದು ವಿದ್ಯುತ್ ಕಂಪನಿಯಿಂದ ಬಂದ ೫೦ ಹರ್ಟ್ಜ್‌ನ ಪರ್ಯಾಯ ವಿದ್ಯುತ್ತನ್ನು ಮೊದಲು ನೇರ ವಿದ್ಯುತ್ತನ್ನಾಗಿ ಮಾಡಿ ಕೆಪ್ಯಾಸಿಟರುಗಳಲ್ಲಿ ತುಂಬಿಟ್ಟುಕೊಳ್ಳುವುದು; ಬಳಿಕ ಅದನ್ನು ಅತಿ ಶೀಘ್ರವಾಗಿ ಕತ್ತರಿಸಿ, ಬೇಕಾದ ಆವರ್ತನದ ಪರ್ಯಾಯ ವಿದ್ಯುತ್ತನ್ನಾಗಿ ಪುನಃ ಕಟ್ಟಿಕೊಡುವುದು. ನಾಲ್ಕು ಧ್ರುವಗಳ ಮೋಟಾರಿನಲ್ಲಿ ೫೦ ಹರ್ಟ್ಜ್‌ಗೆ ಕಾಂತಕ್ಷೇತ್ರವು ನಿಮಿಷಕ್ಕೆ ೧,೫೦೦ ಸುತ್ತು, ೪೦ ಹರ್ಟ್ಜ್‌ಗೆ ೧,೨೦೦ ಸುತ್ತು ತಿರುಗುವುದು. ಮೋಟಾರಿನ ದಂಡವು ಅದಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತ ಅದನ್ನು ಅನುಸರಿಸುವುದು.

ಇದರಿಂದಾಗುವ ಪ್ರಯೋಜನವು ಅಲ್ಪವಲ್ಲ. ಪಂಪಿನ ವೇಗವು ನೂರಕ್ಕೆ ೮೦ ಆದಾಗ ನೀರಿನ ಮೊತ್ತವು ೮೦ ಆಗುವುದು. ನೀರನ್ನು ಮೇಲೆತ್ತುವ ಬಲವು ವರ್ಗಕ್ರಮದಲ್ಲಿ ತಗ್ಗಿ ೬೪ ಆಗುವುದು. ಬೇಕಾಗುವ ಶಕ್ತಿಯು ಘನಕ್ರಮದಲ್ಲಿ ತಗ್ಗಿ ಸುಮಾರು ೫೧ ಆಗುವುದು. ಈ ಲೆಕ್ಕವು ಕೊಳವೆಯ ಘರ್ಷಣೆಯೇ ಪ್ರಧಾನವಾಗಿರುವಲ್ಲಿ ಚೆನ್ನಾಗಿ ಹೊಂದುವುದು. ನೇರವಾದ ಎತ್ತರವೇ ಹೆಚ್ಚಾಗಿರುವಲ್ಲಿ ಉಳಿತಾಯವು ಕಡಿಮೆ. ಅಷ್ಟೇ ಅಲ್ಲದೆ, ಒಂದು ಮಿತಿಗಿಂತ ವೇಗವನ್ನು ತಗ್ಗಿಸಿದರೆ ಪಂಪು ತಿರುಗುತ್ತಿದ್ದರೂ ನೀರು ಟಾಕಿಯನ್ನು ಮುಟ್ಟುವುದೇ ಇಲ್ಲ. ಈ ಸಂಗತಿಯು ಮುಂದೆ ಉಪಯೋಗಕ್ಕೆ ಬರುವುದು.

೨. ತಂತಿ

ಈಥರ್ನೆಟ್ ಎಂಬ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಬೆಳಕು ಸಂಚರಿಸಲು ಸರ್ವವ್ಯಾಪಿಯಾದ ಈಥರ್ ಎಂಬ ಸೂಕ್ಷ್ಮದ್ರವ್ಯವು ಬೇಕೆಂದು ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನಿಗಳು ನಂಬಿದ್ದರು. ೧೮೮೭ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲೆ ನಡೆಸಿದ ಪ್ರಯೋಗದಲ್ಲಿ ಅದರ ಸುಳಿವು ಸಿಕ್ಕಲಿಲ್ಲ. ವಿಜ್ಞಾನವು ಕೈಬಿಟ್ಟ ಆ ಹೆಸರನ್ನು ೧೯೭೩ರ ಮೇ ತಿಂಗಳಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದ ರಾಬರ್ಟ್ ಮೆಟ್‌ಕಾಫ್ ಎಂಬವರು, ಎಲ್ಲ ಯಂತ್ರಗಳಿಗೂ ಸಾಧಾರಣವಾದ ಸಂದೇಶಮಾರ್ಗವೊಂದಕ್ಕೆ ಇಟ್ಟರು. ೧೯೮೩ರಲ್ಲಿ ಅದು ಸರ್ವಮಾನ್ಯವಾದ ಪ್ರಮಾಣವಾಯಿತು. ಶಬ್ದಕ್ಕೆ ಆಕಾಶವೇ ಆಶ್ರಯವೆಂದು ವೈಶೇಷಿಕರು ಹೇಳಿದುದು ಇಲ್ಲಿ ನೆನಪಿಗೆ ಬಂದರೆ ಆಶ್ಚರ್ಯವಿಲ್ಲ. ಆದರೆ ಸಾಮ್ಯವು ಹೆಸರಿಗೆ ಮಾತ್ರ; ಪಂಪುಮನೆಯಲ್ಲಿರುವುದು ಎಂಟು ತಾಮ್ರದ ಎಳೆಗಳನ್ನು ಎರಡೆರಡಾಗಿ ಹೊಸೆದ ಕೇಬಲ್.

ಈ ಕೇಬಲನ್ನು ಎಳೆಯುವುದರಲ್ಲಿ ಕೆಲವು ನಿಯಮಗಳನ್ನು ಮೀರಲಾಗದು. ತಾಮ್ರದ ಕೇಬಲಿನ ಒಂದು ಓಟವು ೧೦೦ ಮೀಟರನ್ನು ದಾಟಬಾರದು. ಅದಕ್ಕೂ ದೂರವಾದಲ್ಲಿ ಗಾಜಿನ ಎಳೆಯ ಕೇಬಲನ್ನು ಹಾಕಬೇಕು. ಡ್ರೈವಿನಿಂದ ಮೋಟಾರಿಗೆ ಹೋಗುವ ದಪ್ಪ ತಂತಿಯಲ್ಲಿ ಕತ್ತರಿಸಿದ ವಿದ್ಯುತ್ತು ಹರಿಯುವುದರಿಂದ ಸುತ್ತಲೂ ವಿದ್ಯುತ್ ಗದ್ದಲವಿರುವುದು. ಆದುದರಿಂದ ಮಾತಿನ ತಂತಿಯನ್ನು ಅದರೊಡನೆ ಒಂದೇ ಹಾದಿಯಲ್ಲಿ ಒಯ್ಯಬಾರದು, ಲೋಹದ ಕವಚವುಳ್ಳ ಕೇಬಲನ್ನು ಬಳಸುವುದು ಲೇಸು. ಡ್ರೈವಿನ ಮುಚ್ಚಳವನ್ನು ತೆಗೆಯುವ ಮೊದಲು ಕರೆಂಟನ್ನು ಕಡಿದು, ತಯಾರಕರು ಹೇಳಿದಷ್ಟು ನಿಮಿಷ ಕಾಯತಕ್ಕದ್ದು. ಕೆಪ್ಯಾಸಿಟರುಗಳಲ್ಲಿ ಉಳಿದಿರುವ ವಿದ್ಯುತ್ತು ಮನುಷ್ಯನನ್ನು ಕೊಲ್ಲಲು ಸಾಕು. ಕೇಬಲ್ ಸೇರಿಸಿದ ಮೇಲೆ ಸಣ್ಣ ಹಸಿರು ದೀಪವು ಹತ್ತುವುದು. ಅದರ ಅರ್ಥ, ಎರಡು ತುದಿಗಳೂ ಕೂಡಿವೆ ಎಂಬಷ್ಟೇ. ಮಾತು ಇನ್ನೂ ಆರಂಭವಾಗಿಲ್ಲ.

೩. ಸ್ಥಾನ

ಮಾತನಾಡುವವನು ಯಾರನ್ನು ಕುರಿತು ಆಡುತ್ತಿದ್ದಾನೆಂಬುದು ಮೊದಲು ನಿಶ್ಚಯವಾಗಬೇಕು. ಪಂಪುಮನೆಯಲ್ಲಿ ಅಪ್ಪಣೆ ಕೊಡುವುದು ಕೆಲಸಗಾರರು ಪಿ. ಎಲ್. ಸಿ. ಎಂದು ಕರೆಯುವ ನಿಯಂತ್ರಕ, ಕೇಳುವುದು ಡ್ರೈವ್. ಇವೆರಡಕ್ಕೂ ಒಂದೊಂದು ಐ. ಪಿ. ವಿಳಾಸವನ್ನು ಕೊಡಬೇಕು. ನಿಯಂತ್ರಕಕ್ಕೆ ೧೯೨.೧೬೮.೧೦.೫, ಡ್ರೈವಿಗೆ ೧೯೨.೧೬೮.೧೦.೨೧ ಎಂದು ಕೊಟ್ಟು, ಎರಡರಲ್ಲಿಯೂ ೨೫೫.೨೫೫.೨೫೫.೦ ಎಂಬ ಜಾಲಮಿತಿಯನ್ನು ಬರೆದರೆ, ಮೊದಲ ಮೂರು ಸಂಖ್ಯೆಗಳು ಓಣಿಯನ್ನೂ ಕೊನೆಯದು ಮನೆಯನ್ನೂ ಸೂಚಿಸಿದಂತಾಯಿತು. ಓಣಿ ಬೇರೆಯಾದರೆ ಮಾತು ನೇರವಾಗಿ ಮುಟ್ಟದು. ಮನೆಯ ಅಂಕೆ ಒಂದೇ ಆದರೆ ಎರಡು ಯಂತ್ರಗಳು ಒಂದೇ ಹೆಸರಿಗೆ ಓಗೊಡುವವು. ಕಾರ್ಖಾನೆಯಿಂದ ಬಂದ ಎರಡು ಡ್ರೈವುಗಳು ಒಂದೇ ವಿಳಾಸವನ್ನು ಹೊತ್ತು ಬರುವುದುಂಟು; ಆದುದರಿಂದ ಒಂದೊಂದನ್ನೇ ಜಾಲಕ್ಕೆ ಸೇರಿಸಿ, ವಿಳಾಸವನ್ನು ಬದಲಿಸಿ, ಬಳಿಕ ಇನ್ನೊಂದಕ್ಕೆ ಕೈಹಾಕತಕ್ಕದ್ದು. ಕೆಲವು ಡ್ರೈವುಗಳು ಕರೆಂಟನ್ನು ತೆಗೆದು ಮತ್ತೆ ಕೊಟ್ಟಲ್ಲದೆ ಹೊಸ ವಿಳಾಸವನ್ನು ಅಂಗೀಕರಿಸುವುದಿಲ್ಲ.

ಮನೆ ಸಿಕ್ಕಿದ ಮೇಲೆ ಮನೆಯೊಳಗಿನ ಗೂಡು ಸಿಕ್ಕಬೇಕು. ೧೯೭೯ರಲ್ಲಿ ಹುಟ್ಟಿ, ೧೯೯೯ರಲ್ಲಿ ಈಥರ್ನೆಟ್ಟಿಗೂ ಅಳವಟ್ಟ ಮಾಡ್‌ಬಸ್ ಎಂಬ ಸಂವಾದಪದ್ಧತಿಯಲ್ಲಿ ಡ್ರೈವಿನ ಪ್ರತಿಯೊಂದು ಸಂಗತಿಯೂ ಒಂದೊಂದು ರಿಜಿಸ್ಟರಿನಲ್ಲಿರುವುದು. ಒಂದು ರಿಜಿಸ್ಟರು ೦ಯಿಂದ ೬೫,೫೩೫ರವರೆಗಿನ ಒಂದು ಸಂಖ್ಯೆಯನ್ನು ಹಿಡಿಯಬಲ್ಲುದು. ಇಲ್ಲಿಯೇ ಹೊಸಬರು ಎಡವುವ ಕಲ್ಲು ಇರುವುದು. ಕೈಪಿಡಿಯಲ್ಲಿ ೪೦೦೦೧ ಎಂದು ಅಚ್ಚಾದ ರಿಜಿಸ್ಟರು ತಂತಿಯ ಮೇಲೆ ಸೊನ್ನೆಯೆಂದು ಕರೆಯಲ್ಪಡುವುದು, ೪೦೦೦೨ ಎಂಬುದು ಒಂದೆಂದು. ಕೈಪಿಡಿಯು ಒಂದರಿಂದ ಎಣಿಸುತ್ತದೆ, ತಂತಿಯು ಸೊನ್ನೆಯಿಂದ. ಮೊದಲನೆಯದರಲ್ಲಿ ಅಪ್ಪಣೆ, ಎರಡನೆಯದರಲ್ಲಿ ವೇಗ ಇರುವ ಡ್ರೈವಿಗೆ, ಅಪ್ಪಣೆಯನ್ನು ಒಂದನೆಯ ಸ್ಥಾನಕ್ಕೆ ಕಳುಹಿಸಿದವನು ಅದನ್ನು ವೇಗವೆಂದು ಬರೆಸಿದಂತಾಗುವುದು. ಡ್ರೈವಿಗೆ ಇದು ತಪ್ಪೆಂದು ತೋರದು. ಹೇಳಿದಲ್ಲಿ ಹೇಳಿದ ಸಂಖ್ಯೆಯನ್ನು ಅದು ಇಟ್ಟುಕೊಂಡಿರುತ್ತದೆ. ಆದುದರಿಂದ ಬರೆಯುವ ಮೊದಲು ಓದತಕ್ಕದ್ದು. ಡ್ರೈವಿನ ಫಲಕದಲ್ಲಿ ಕಾಣುವ ಸಂಗತಿಯೊಂದನ್ನು ತಂತಿಯ ಮೂಲಕ ಓದಿ, ಎರಡೂ ತಾಳೆಯಾದರೆ ಸ್ಥಾನವು ಸರಿಯೆಂದು ನಂಬಬಹುದು.

೪. ಕ್ರಮ

ಮಾಡ್‌ಬಸ್ ಪ್ರಶ್ನೆಯೊಂದು ಹನ್ನೆರಡು ಬೈಟುಗಳ ಸಣ್ಣ ವಾಕ್ಯ. ಮೊದಲ ಎರಡು ಬೈಟುಗಳು ಪ್ರಶ್ನೆಯ ಕ್ರಮಸಂಖ್ಯೆ; ಉತ್ತರವೂ ಅದೇ ಸಂಖ್ಯೆಯನ್ನು ಹೊತ್ತು ಬರುವುದರಿಂದ ಯಾವ ಪ್ರಶ್ನೆಗೆ ಯಾವ ಉತ್ತರವೆಂಬುದು ತಿಳಿಯುವುದು. ಮುಂದಿನ ಎರಡು ಸದಾ ಸೊನ್ನೆ. ಅನಂತರದ ಎರಡು, ಇನ್ನೆಷ್ಟು ಬೈಟುಗಳಿವೆಯೆಂದು ಹೇಳುವವು, ಇಲ್ಲಿ ಆರು. ಬಳಿಕ ಘಟಕದ ಅಂಕೆ ಒಂದು ಬೈಟು, ಕ್ರಿಯೆ ಒಂದು ಬೈಟು, ರಿಜಿಸ್ಟರಿನ ಸ್ಥಾನ ಎರಡು, ಎಷ್ಟು ರಿಜಿಸ್ಟರುಗಳೆಂಬುದು ಎರಡು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಕ್ರಿಯಾಪದ, ಕರ್ಮ, ಸಂಖ್ಯಾವಾಚಕಗಳು ಈ ನಿಯತಸ್ಥಾನಗಳಲ್ಲಿಯೇ ನಿಲ್ಲುವವು. ಇಲ್ಲಿ ವಿಭಕ್ತಿಪ್ರತ್ಯಯವಿಲ್ಲ; ಅರ್ಥವೆಲ್ಲವೂ ಸ್ಥಾನದಿಂದ. ಕ್ರಿಯೆಯು ೩ ಆದರೆ ‘ಓದಿ ಹೇಳು’, ೬ ಆದರೆ ‘ಒಂದನ್ನು ಬರೆದುಕೊ’, ೧೬ ಆದರೆ ‘ಹಲವನ್ನು ಬರೆದುಕೊ’. ಇಲ್ಲದ ಗೂಡನ್ನು ಕೇಳಿದರೆ ಡ್ರೈವು ೩ಕ್ಕೆ ೧೨೮ನ್ನು ಕೂಡಿಸಿ, ೧೩೧ ಎಂಬ ಕ್ರಿಯೆಯಿಂದ ನಿರಾಕರಣೆಯನ್ನು ತಿಳಿಸಿ, ೨ ಎಂಬ ಕಾರಣಸಂಖ್ಯೆಯನ್ನು ಹೇಳುವುದು. ಈ ನಿರಾಕರಣೆಯು ಉಪಕಾರಿಯಾದುದು. ಕೇಳಿದ ಕಿವಿ ಇದೆ, ತಪ್ಪಿದುದು ಸ್ಥಾನ ಮಾತ್ರ ಎಂದು ಅದರಿಂದ ತಿಳಿಯುವುದು.

೬೫,೫೩೫ಕ್ಕಿಂತ ದೊಡ್ಡ ಸಂಖ್ಯೆಗೆ ಎರಡು ರಿಜಿಸ್ಟರುಗಳು ಬೇಕು. ಯಾವುದು ಮೊದಲು? ಒಂದೇ ರಿಜಿಸ್ಟರಿನೊಳಗೆ ಹಿರಿಯ ಬೈಟು ಮೊದಲೆಂದು ಮಾಡ್‌ಬಸ್ ಕಟ್ಟುಮಾಡಿದೆ. ಎರಡು ರಿಜಿಸ್ಟರುಗಳ ಸರದಿಯನ್ನು ಮಾತ್ರ ಕಟ್ಟುಮಾಡಿಲ್ಲ. ಪಂಪು ಬಳಸಿದ ವಿದ್ಯುತ್ತು ೭೦,೦೦೦ ಯೂನಿಟು ಎಂದಿಟ್ಟುಕೊಂಡರೆ, ಅದು ಹಿರಿದರಲ್ಲಿ ೧, ಕಿರಿದರಲ್ಲಿ ೪,೪೬೪ ಎಂದು ನಿಲ್ಲುವುದು. ಸರದಿಯನ್ನು ತಿರುಗಿಸಿ ಓದಿದವನಿಗೆ ಅದು ೨೯,೨೫,೫೨,೭೦೫ ಆಗಿ ಕಾಣುವುದು. ಶಾಸನಗಳನ್ನು ಓದುವವರಿಗೆ ಈ ತೊಡಕು ಹಳೆಯದು. ಭೂತಸಂಖ್ಯೆಯಲ್ಲಿ ‘ವೇದ ನೇತ್ರ’ ಎಂದಾಗ ಅಂಕಗಳ ಗತಿ ಎಡಕ್ಕೆಂಬ ಸೂತ್ರವನ್ನು ಬಲ್ಲವನು ೨೪ ಎಂದು ಓದುವನು, ಅರಿಯದವನು ೪೨ ಎಂದು ಓದಿ ಹದಿನೆಂಟು ವರ್ಷ ತಪ್ಪುವನು. ಗಣಕವಿದ್ಯೆಯು ಈ ಎರಡು ಪಕ್ಷಗಳಿಗೆ ಇಟ್ಟ ಹೆಸರುಗಳು ಸಾಹಿತ್ಯದಿಂದಲೇ ಬಂದವು: ೧೭೨೬ರಲ್ಲಿ ಪ್ರಕಟವಾದ ಸ್ವಿಫ್ಟನ ‘ಗಲಿವರನ ಪ್ರವಾಸಗಳು’ ಎಂಬ ಕಥೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡುವ ಎರಡು ಪಂಗಡಗಳ ಹೆಸರನ್ನು ೧೯೮೦ರಲ್ಲಿ ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ ಇವಕ್ಕೆ ಅನ್ವಯಿಸಿದರು.

ಅಪ್ಪಣೆಗಳಿಗೂ ಒಂದು ಕ್ರಮವುಂಟು. ಡ್ರೈವುಗಳಲ್ಲಿ ಪ್ರಸಿದ್ಧವಾದ ಸಿ. ಐ. ಎ. ೪೦೨ ಎಂಬ ಸಂಪ್ರದಾಯದಲ್ಲಿ ಮೊದಲು ೬, ಬಳಿಕ ೭, ಕೊನೆಗೆ ೧೫ ಎಂಬ ಸಂಖ್ಯೆಗಳನ್ನು ಬರೆಯಬೇಕು: ಸಿದ್ಧನಾಗು, ಸನ್ನದ್ಧನಾಗು, ಓಡು. ಪ್ರತಿ ಹೆಜ್ಜೆಯಲ್ಲಿಯೂ ಡ್ರೈವು ತನ್ನ ಸ್ಥಿತಿಯನ್ನು ತಿಳಿಸಿದ ಮೇಲೆಯೇ ಮುಂದಿನ ಹೆಜ್ಜೆ. ಒಮ್ಮೆಗೇ ೧೫ ಎಂದವನಿಗೆ ಮೋಟಾರು ಓಡದು. ಇದು ತೊಡಕಲ್ಲ, ರಕ್ಷೆ. ದೋಷದಿಂದ ನಿಂತ ಮೋಟಾರನ್ನು ಮರಳಿ ಓಡಿಸಲು ಮೊದಲಿನಿಂದ ಮೂರು ಮೆಟ್ಟಿಲನ್ನೂ ಏರಲೇಬೇಕು.

೫. ಮಾನ

ಸ್ಥಾನವೂ ಕ್ರಮವೂ ಸರಿಯಾದಾಗ ಸಂಖ್ಯೆಯು ಸರಿಯಾಗಿ ಮುಟ್ಟುವುದು. ಸಂಖ್ಯೆ ಮುಟ್ಟಿದರೆ ಅರ್ಥ ಮುಟ್ಟಿತೆನ್ನುವಂತಿಲ್ಲ. ೫೦ ಹರ್ಟ್ಜ್ ಎಂಬ ಒಂದೇ ವೇಗವನ್ನು ಒಂದು ಡ್ರೈವು ಹತ್ತರಲ್ಲೊಂದರ ಮಾನದಿಂದ ೫೦೦ ಎನ್ನುವುದು. ಇನ್ನೊಂದು ನೂರರಲ್ಲೊಂದರ ಮಾನದಿಂದ ೫,೦೦೦ ಎನ್ನುವುದು. ಪೂರ್ಣವೇಗವನ್ನೇ ೧೬,೩೮೪ ಎಂದು ಕರೆಯುವ ಸಂಪ್ರದಾಯವೊಂದು, ೨೦,೦೦೦ ಎಂದು ಕರೆಯುವುದು ಮತ್ತೊಂದು. ಬೆಳವಲ ನಾಡಿನ ದಾನಶಾಸನಗಳಲ್ಲಿ ಇಷ್ಟು ಮತ್ತರು ಎಂದು ಹೇಳಿ ಸುಮ್ಮನಾಗದೆ, ಯಾವ ಕೋಲಿನಿಂದ ಅಳೆದ ಮತ್ತರೆಂದು ಸೂಚಿಸುವ ವಾಡಿಕೆಯುಂಟಷ್ಟೆ. ಆ ಎಚ್ಚರಿಕೆಯೇ ಇಲ್ಲಿಯೂ ಬೇಕು.

ಎಚ್ಚರದಪ್ಪಿದರೆ ಆಗುವುದೇನೆಂದು ನೋಡಬಹುದು. ಹಳೆಯ ಡ್ರೈವು ಕೆಟ್ಟು, ೧೬,೩೮೪ನ್ನು ಪೂರ್ಣವೇಗವೆಂದು ಬಗೆಯುವ ಹೊಸದೊಂದನ್ನು ಅದರ ಜಾಗದಲ್ಲಿ ಇಟ್ಟರೆನ್ನೋಣ. ನಿಯಂತ್ರಕವು ರೂಢಿಯಂತೆ ೫,೦೦೦ ಎನ್ನುವುದು. ಹೊಸ ಡ್ರೈವು ಅದನ್ನು ಸುಮಾರು ೧೫ ಹರ್ಟ್ಜ್ ಎಂದು ಗ್ರಹಿಸುವುದು. ವೇಗವು ನೂರಕ್ಕೆ ಮೂವತ್ತು. ನೀರನ್ನೆತ್ತುವ ಬಲವು ವರ್ಗಕ್ರಮದಲ್ಲಿ ತಗ್ಗಿ ನೂರಕ್ಕೆ ಒಂಬತ್ತು. ಮೋಟಾರು ತಿರುಗುತ್ತಿರುತ್ತದೆ, ಹಸಿರು ದೀಪ ಹತ್ತಿರುತ್ತದೆ, ದೋಷವೊಂದೂ ಕಾಣದು. ಆದರೆ ಒಂದು ಹನಿಯೂ ಟಾಕಿಯನ್ನು ಏರದು. ಹಳ್ಳಿಯ ನಳದ ಮುಂದೆ ಸಾಲಾಗಿ ಕೊಡಗಳು ನಿಂತ ಮೇಲೆಯೇ ತಪ್ಪು ಹೊರಬೀಳುವುದು. ಯಂತ್ರಗಳ ನಡುವಿನ ತಪ್ಪುಗ್ರಹಿಕೆಗಳಲ್ಲಿ, ಸದ್ದುಮಾಡದ ಇದೇ ಹೆಚ್ಚು ಕೆಟ್ಟುದು. ಇದಕ್ಕೆ ಪರಿಹಾರವು ಸುಲಭ: ಹೇಳಿದ ವೇಗವನ್ನು ಮಾತ್ರ ನಂಬದೆ, ಡ್ರೈವಿನ ಫಲಕದಲ್ಲಿ ಕಾಣುವ ಹರ್ಟ್ಜ್, ಕೊಳವೆಯ ಒತ್ತಡ, ಹರಿದ ನೀರು ಇವನ್ನು ಹೋಲಿಸಿ ನೋಡತಕ್ಕದ್ದು.

೬. ಮೌನ

ಮೌನವು ಸಮ್ಮತಿಯ ಲಕ್ಷಣವೆಂಬ ಲೋಕೋಕ್ತಿಯುಂಟು. ಯಂತ್ರಗಳ ನಡುವೆ ಇದಕ್ಕಿಂತ ಅಪಾಯಕರವಾದ ನಿಯಮವಿಲ್ಲ. ‘ಓಡು’ ಎಂದು ಹೇಳಿದ ನಿಯಂತ್ರಕವು ಬಳಿಕ ಮಾತನಾಡದಿದ್ದರೆ ಡ್ರೈವು ಏನೆಂದು ತಿಳಿಯಬೇಕು? ಇಲಿಯು ಕೇಬಲನ್ನು ಕಡಿದಿರಬಹುದು. ನಡುವಣ ಸ್ವಿಚ್ಚಿಗೆ ಕರೆಂಟು ಹೋಗಿರಬಹುದು. ಟಾಕಿ ತುಂಬಿದುದನ್ನು ಬಲ್ಲುದು ನಿಯಂತ್ರಕವೇ. ಅದರ ಬಾಯಿ ಕಟ್ಟಿದಾಗ ಪಂಪು ಓಡುತ್ತಲೇ ಇದ್ದರೆ ಟಾಕಿ ತುಂಬಿ ಸೂಸುವುದು, ಇಲ್ಲವೆ ಕೆಳಗಿನ ತೊಟ್ಟಿ ಬತ್ತಿ ಪಂಪು ಒಣಗಿ ಓಡಿ ಕೆಡುವುದು.

ಆದುದರಿಂದ ಡ್ರೈವಿನಲ್ಲಿ ಒಂದು ಕಾವಲು ಗಡಿಯಾರವಿರುವುದು. ನಿಯಮಿಸಿದ ಕಾಲದೊಳಗೆ, ಉದಾಹರಣೆಗೆ ಐದು ಸೆಕೆಂಡುಗಳೊಳಗೆ, ಹೊಸ ಮಾತು ಬಾರದಿದ್ದರೆ ಏನು ಮಾಡಬೇಕೆಂಬುದನ್ನು ಮೊದಲೇ ಬರೆದಿಡಬೇಕು: ನಿಲ್ಲುವುದು, ಕೊನೆಯ ವೇಗದಲ್ಲಿ ಓಡುವುದು, ಅಥವಾ ಗೊತ್ತುಮಾಡಿದ ಬೇರೊಂದು ವೇಗಕ್ಕೆ ಇಳಿಯುವುದು. ಇವುಗಳಲ್ಲಿ ಯಾವುದು ಸರಿಯೆಂಬುದು ತಂತಿಯ ಪ್ರಶ್ನೆಯಲ್ಲ, ಊರಿನ ಪ್ರಶ್ನೆ. ತೊಟ್ಟಿಯ ಮಟ್ಟವನ್ನು ತಿಳಿಸುವ ತೇಲುಗುಂಡಿನ ಸ್ವಿಚ್ಚು ನೇರವಾಗಿ ಡ್ರೈವಿಗೇ ಕೂಡಿದ್ದರೆ ಮೌನದಲ್ಲಿಯೂ ಓಡಬಹುದು. ಇಲ್ಲದಿದ್ದರೆ ನಿಲ್ಲುವುದೇ ಕ್ಷೇಮ. ನಿಲ್ಲುವಾಗಲೂ ಥಟ್ಟನೆ ನಿಂತರೆ ಉದ್ದವಾದ ಕೊಳವೆಯಲ್ಲಿ ನೀರಿನ ಹೊಡೆತವೆದ್ದು ಸಂದುಗಳು ಬಿರಿಯಬಹುದು. ಆದುದರಿಂದ ವೇಗವನ್ನು ಮೆಲ್ಲಗೆ ಇಳಿಸತಕ್ಕದ್ದು. ಇಷ್ಟನ್ನೂ ಬರೆದಮೇಲೆ ಪಂಪು ಓಡುತ್ತಿರುವಾಗ ಕೇಬಲನ್ನು ಕೈಯಾರೆ ಕಿತ್ತು ನೋಡಬೇಕು. ಈ ಪರೀಕ್ಷೆ ನಡೆಯದ ಪಂಪುಮನೆಯಲ್ಲಿ ಕಾವಲು ಗಡಿಯಾರವಿದೆಯೆಂಬುದು ಬರಿಯ ನಂಬಿಕೆ.

ಮಾತಿದ್ದೂ ಪ್ರಾಣವಿಲ್ಲದ ಸ್ಥಿತಿಯೊಂದುಂಟು: ನಿಯಂತ್ರಕದ ಬುದ್ಧಿ ಕೆಟ್ಟು, ಹಳೆಯ ಅಪ್ಪಣೆಯನ್ನೇ ಜಪಿಸುತ್ತಿರಬಹುದು. ಇದನ್ನು ಕಂಡುಹಿಡಿಯಲು ಪ್ರತಿ ಸೆಕೆಂಡಿಗೂ ಒಂದೊಂದು ಏರುವ ಸಂಖ್ಯೆಯನ್ನು ಕಳುಹಿಸಿ, ಅದು ಬದಲಾಗದಿದ್ದರೆ ಮೌನವೆಂದೇ ಎಣಿಸುವರು. ಇನ್ನು ಮಾಡ್‌ಬಸ್ ಮಾತನಾಡುವವನ ಗುರುತನ್ನು ಕೇಳುವುದಿಲ್ಲ. ಜಾಲದೊಳಗೆ ಬಂದ ಯಾರ ಅಪ್ಪಣೆಯನ್ನಾದರೂ ಡ್ರೈವು ಪಾಲಿಸುವುದು. ಆದುದರಿಂದ ಪಂಪುಮನೆಯ ಜಾಲವನ್ನು ಕಚೇರಿಯ ಜಾಲದಿಂದಲೂ ಅಂತರ್ಜಾಲದಿಂದಲೂ ಬೇರೆಯಾಗಿಡಬೇಕು. ಆಪತ್ತಿನಲ್ಲಿ ನಿಲ್ಲಿಸುವ ಕೆಂಪು ಗುಂಡಿಯನ್ನು ಇಂಥ ಮಾತಿನ ಜಾಲಕ್ಕೆ ಒಪ್ಪಿಸದೆ, ಪ್ರತ್ಯೇಕ ತಂತಿಯಿಂದ ಡ್ರೈವಿಗೆ ಕೂಡಿಸತಕ್ಕದ್ದು. ಪಂಪನ್ನು ಬಿಚ್ಚುವವನಂತೂ ಆ ಗುಂಡಿಯನ್ನೂ ನಂಬದೆ, ಮುಖ್ಯ ಸ್ವಿಚ್ಚನ್ನು ಕಡಿದು, ಬೀಗ ಹಾಕಿ, ಕೀಲಿಯನ್ನು ತನ್ನ ಕಿಸೆಯಲ್ಲಿಟ್ಟುಕೊಳ್ಳಬೇಕು.

೭. ಒಡಂಬಡಿಕೆಯ ಬರಹ

ಮೇಲೆ ಹೇಳಿದ ನಾಲ್ಕು ಒಡಂಬಡಿಕೆಗಳೂ ಯಂತ್ರಗಳೊಳಗೆ ಸಂಖ್ಯೆಗಳಾಗಿ ಅಡಗಿರುತ್ತವೆ. ಅವನ್ನು ಹೊಂದಿಸಿದ ಇಂಜಿನಿಯರನು ಹೊರಟುಹೋಗುವನು. ಪಂಪುಮನೆಯಲ್ಲಿ ಉಳಿಯುವವನು ನೀರಗಂಟಿ. ಡ್ರೈವಿನ ಫಲಕವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಮಾತನಾಡುವುದು, ಕೈಪಿಡಿಯೂ ಇಂಗ್ಲಿಷಿನಲ್ಲಿಯೇ ಇರುವುದು. ಯಂತ್ರಕ್ಕೂ ಯಂತ್ರಕ್ಕೂ ಕೂಡಿದ ಮಾತು, ಯಂತ್ರಕ್ಕೂ ಮನುಷ್ಯನಿಗೂ ಕೂಡದೆ ಉಳಿಯುವುದು ಇಲ್ಲಿಯೇ.

ಇದಕ್ಕೆ ಗೋಡೆಯ ಮೇಲಣ ಒಂದು ಕನ್ನಡದ ಹಾಳೆ ಸಾಕು. ಪ್ರತಿಯೊಂದು ಯಂತ್ರದ ವಿಳಾಸ, ಅಪ್ಪಣೆ, ವೇಗ, ಸ್ಥಿತಿಗಳ ರಿಜಿಸ್ಟರುಗಳು, ಅವುಗಳ ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಎಂಬುದು, ದೊಡ್ಡ ಸಂಖ್ಯೆಗಳ ಸರದಿ, ಪೂರ್ಣವೇಗದ ಸಂಖ್ಯೆ, ಮಾತು ನಿಂತರೆ ಎಷ್ಟು ಸೆಕೆಂಡಿಗೆ ಏನಾಗುವುದೆಂಬುದು, ಕೇಬಲ್ ಕಿತ್ತು ಪರೀಕ್ಷಿಸಿದ ದಿನಾಂಕ. ಇಷ್ಟು ಅದರಲ್ಲಿರತಕ್ಕದ್ದು. ಪರಿಭಾಷೆಯನ್ನು ಕಟ್ಟುವ ವಿದ್ವಾಂಸರು ಇಲ್ಲಿ ಒಂದನ್ನು ಗಮನಿಸಬೇಕು. ಧಾರವಾಡದ ಹಳ್ಳಿಗಳಲ್ಲಿ ‘ಮೋಟಾರು ಟ್ರಿಪ್ ಆಗೇತಿ’ ಎಂಬ ಮಾತಿಗೂ ‘ಮೋಟಾರು ಸುಟ್ಟೈತಿ’ ಎಂಬ ಮಾತಿಗೂ ಸ್ಪಷ್ಟವಾದ ಭೇದವಿದೆ: ಮೊದಲನೆಯದು ತನ್ನನ್ನು ಕಾಪಾಡಿಕೊಳ್ಳಲು ಯಂತ್ರವು ತಾನಾಗಿ ನಿಂತುದು, ಎರಡನೆಯದು ಕೆಟ್ಟುಹೋದುದು. ಎರಡಕ್ಕೂ ‘ದೋಷ’ ಎಂಬ ಒಂದೇ ಸಂಸ್ಕೃತಪದವನ್ನು ಹಾಕಿದರೆ ನೀರಗಂಟಿಗೆ ಮೊದಲೇ ಇದ್ದ ತಿಳಿವು ನಷ್ಟವಾದೀತು. ರೂಢಿಯಲ್ಲಿರುವ ಮಾತನ್ನು ಉಳಿಸಿ, ಇಲ್ಲದ ಮಾತನ್ನು ಮಾತ್ರ ಕಟ್ಟುವುದು ಯುಕ್ತ. ‘ಮಾತು ನಿಂತಿದೆ, ಐದು ಸೆಕೆಂಡಿನಲ್ಲಿ ಪಂಪು ನಿಲ್ಲುವುದು, ಕೇಬಲ್ ನೋಡು’ ಎಂಬ ಒಂದು ಸಾಲು ಆ ಗೋಡೆಯ ಮೇಲಿದ್ದರೆ, ಅದನ್ನು ಓದಿ ತಿಳಿದ ನೀರಗಂಟಿಯು ಪಟ್ಟಣದಿಂದ ಇಂಜಿನಿಯರು ಬರುವವರೆಗೆ ಕಾಯಬೇಕಾಗಿಲ್ಲ, ಹಳ್ಳಿಯೂ ನೀರಿಗಾಗಿ ಕಾಯಬೇಕಾಗಿಲ್ಲ.